ಎಲೆಬಳ್ಳಿ ರೋಗಕ್ಕೆ ನಾವು ಮಾಡಿದ ಆತಿಥ್ಯ

ರೋಗ ಕೊಲ್ಲಲು ಸಂಬಳ ಪಡೆಯುವವರು ಹಗಲೆಲ್ಲ ಅದನ್ನು ಬದುಕಿಸಲು ಒದ್ದಾಡುವ ಕಚೇರಿಯಲ್ಲಿ ಇಂಥವು ನಡೆಯುತ್ತಲೇ ಇರುತ್ತವೆ. ನಮ್ಮ ಪ್ರಯೋಗಾಲಯ ಸವಣೂರಿನ ಒಂದು ಬಾಡಿಗೆ ಮನೆಯಲ್ಲಿತ್ತು. ಊರ ಸುತ್ತಲಿನ ವೀಳ್ಯದೆಲೆ ತೋಟಗಳಲ್ಲಿ ಬಳ್ಳಿಯ ಬುಡ ಕೊಳೆಸುವ ಬೂಷ್ಟು ಬಿದ್ದಿತ್ತು. ಔಷಧ ಹುಡುಕುವ ಮೊದಲು ಅದನ್ನು ಗಾಜಿನ ಬಟ್ಟಲಲ್ಲಿ ಬೆಳೆಸಿ, ಗುಣ ತಿಳಿಯಬೇಕೆಂದು ಪ್ರಯೋಗಾಲಯದ ಮುಖ್ಯಸ್ಥರಾದ ಸಾಹೇಬರ ಅಪ್ಪಣೆ; ಬೆಳೆಸುವ ಕೆಲಸ ನನ್ನದು.

ಚೀನಾ ಹುಲ್ಲು

ಬೂಷ್ಟು ಬೆಳೆಯುವುದು ಆಲೂಗಡ್ಡೆಯ ತಿಳಿಗೆ ಚೀನಾ ಹುಲ್ಲು, ಅಂದರೆ ಒಣಗಿಸಿದ ಕಡಲಪಾಚಿಯ ಅಂಟು, ಹಾಕಿ ಕುದಿಸಿ, ಹೆಪ್ಪುಗಟ್ಟಿಸಿದ ಪಾಕದ ಮೇಲೆ. ಆ ಹುಲ್ಲು ಜಪಾನಿನಿಂದ ಬರುತ್ತಿತ್ತು. ಎರಡನೆಯ ಮಹಾಯುದ್ಧಕ್ಕೆ ಜಪಾನ್ ಇಳಿದ ಮೇಲೆ ಅದು ನಿಂತುಹೋಯಿತು. ರಮಜಾನಿನಲ್ಲಿ ಮಿಠಾಯಿಗೆ ಅದನ್ನೇ ಬಳಸುತ್ತಾರೆಂದು ತಿಳಿದು ಕಿರಾಣಿ ಅಂಗಡಿಯ ಚಾಚಾನ ಹತ್ತಿರ ಹೋದೆ. ಇದ್ದದ್ದನ್ನೆಲ್ಲ ತೂಗಲು ಹೇಳಿದೆ.

"ಯಾರ ಮನ್ಯಾಗ ಶಾದಿರಿ, ರಾಯರ?"

"ಶಾದಿ ಅಲ್ಲ ಚಾಚಾ. ಎಲಿಬಳ್ಳಿ ಕೊಳಸೂ ರೋಗಕ್ಕ ತಿನಸಾಕ."

ಚಾಚಾ ತಕ್ಕಡಿ ಕೆಳಗಿಳಿಸಿದ.

"ಹಂಗಾರ ಯಾಲಕ್ಕಿ ಬ್ಯಾಡೇನ್ರಿ?"

ನೀರಿನ ಗಡಿಗೆ

ಬಟ್ಟಲುಗಳನ್ನು ತಂಪಾದ, ಕತ್ತಲಾದ ಜಾಗದಲ್ಲಿಡಬೇಕಿತ್ತು. ಮನೆಯಲ್ಲಿ ಅಂಥದ್ದು ಒಂದೇ ಮೂಲೆ. ಅಲ್ಲಿ ಕುಡಿಯುವ ನೀರಿನ ಗಡಿಗೆ ಇತ್ತು. ಗಡಿಗೆ ಅಂಗಳದ ಬಿಸಿಲಿಗೆ ಹೋಯಿತು, ಬೂಷ್ಟು ಒಳಗೆ ಕೂತಿತು.

ಆ ದಿನಗಳಲ್ಲೇ ತೋಟದ ಯಜಮಾನರೊಬ್ಬರು ಬಂದರು. ಅರ್ಧ ತೋಟ ಆಗಲೇ ಕೊಳೆತಿತ್ತು. ನಾನು ಕೊಟ್ಟ ತಂಬಿಗೆಯ ನೀರನ್ನು ಒಂದು ಗುಟುಕು ಕುಡಿದು ಕೆಳಗಿಟ್ಟರು.

"ಔಷಧ ಸಿಕ್ಕೇತೇನ್ರಿ ರಾಯರ?"

"ಮೊದ್ಲ ಅದಕ್ಕ ಏನ್ ಬೇಕು ಅಂತ ತಿಳ್ಕೊಬೇಕ್ರಿ. ತಂಪು ಬೇಕು, ನೆರಳು ಬೇಕು, ತೇವ ಬೇಕು."

ಅವರು ಮೂಲೆಯತ್ತ ನೋಡಿದರು, ತಂಬಿಗೆಯತ್ತ ನೋಡಿದರು.

"ಅದಕ್ಕೇನ್ ಬೇಕು ಅಂತ ತಿಳೀತ್ರಿ. ಬಂದ ಮಂದಿಗೆ ಏನ್ ಬೇಕು ಅಂತ ಯಾವಾಗ ತಿಳ್ಕೋತೀರಿ?"

ಕುಂಡದ ಬಳ್ಳಿ

ಇಷ್ಟು ಉಪಚಾರ ಮಾಡಿದರೂ ಬೂಷ್ಟು ಬದುಕಲಿಲ್ಲ. ಯಜಮಾನರು ಬಂದಾಗಲೆಲ್ಲ ನಾನು ಬಟ್ಟಲು ತೊಳೆಯುತ್ತಿದ್ದೆ. "ಏನಾತ್ರಿ?" "ಸತ್ತು ಹೋತ್ರಿ." ತೋಟದಲ್ಲಿ ಮಾತ್ರ ಅದು ಸಾಲು ಸಾಲು ದಾಟುತ್ತಿತ್ತು.

ಒಂದು ದಿನ ಅವರು ಕುಂಡದಲ್ಲಿ ಒಂದು ಬಳ್ಳಿ ತಂದು ಕಿಟಕಿಯ ಪಕ್ಕದಲ್ಲಿಟ್ಟರು. "ತ್ವಾಟದಾಗ ಚೊಲೋ ಉಳದದ್ದು ಇದೊಂದ ರೀ. ಮುಂದ ಹಚ್ಚಾಕ ಇದರ ತುಂಡ ಬೀಜ. ನಿಮ್ಮಲ್ಲಿ ಆ ರೋಗ ಬಾಳೂದಿಲ್ಲ, ಇಲ್ಲೇ ಇರ್ಲಿ." ಈ ತರ್ಕದಲ್ಲಿ ತಪ್ಪು ಕಂಡುಹಿಡಿಯಲು ಸಾಹೇಬರಿಗೂ ಆಗಲಿಲ್ಲ.

ಕೆಲವು ವಾರಗಳ ಮೇಲೆ ಕುಂಡದ ಬಳ್ಳಿಯ ಬುಡ ಕಪ್ಪಾಯಿತು. ಯಜಮಾನರು ನೋಡಲು ಬಂದ ದಿನ ಸಾಹೇಬರು ಅದನ್ನು ಭೂತಗನ್ನಡಿ ಹಿಡಿದು ನೋಡಿ, ಕುರ್ಚಿಯಿಂದೆದ್ದು ಯಜಮಾನರ ಕೈ ಕುಲುಕಿದರು. "ಬೂಷ್ಟು ಜೀವಂತ ಐತ್ರಿ! ಬಹಳ ಉಪಕಾರ ಆತು!"

ಯಜಮಾನರು ಬಳ್ಳಿಯನ್ನೇ ನೋಡುತ್ತ ನಿಂತರು. ಸಾಹೇಬರ ಕೈ ಬಿಡಲಿಲ್ಲ.

"ನಿಮ್ಮ ಬಟ್ಟಲದಾಗ ಇದಕ್ಕ ಜಾಗಾ ಐತೇನ್ರಿ, ಸಾಹೇಬ್ರ?"

"ಬೇಕಾದಷ್ಟ ಐತ್ರಿ!"

"ಹಂಗಾರ ಒಂಚೂರೂ ಬಿಡಬ್ಯಾಡ್ರಿ, ಎಲ್ಲಾ ಅದರಾಗ ಹಾಕ್ರಿ. ತ್ವಾಟದಾಗಿಂದೂ ಗಾಡಿ ತುಂಬಿ ತರ್ತೇನಿ. ನಿಮ್ಮಷ್ಟು ಪ್ರೀತಿಲೆ ಸಾಕಿದ್ರ ಅದು ಉಳಿಯೂ ಮಾತ ಇಲ್ಲ."