ಡ್ರೆವೆಲಿನ್ ಎಂಬ ಹೆಸರು ಜಾರಿಗೆ ಬಂದ ಬಗೆ

ಡ್ರೆವೆಲಿನ್ ಎಂಬುದು ಇನ್ನೂರ ಹನ್ನೊಂದು ಜನರಿರುವ ಒಂದು ಹಳ್ಳಿ. ಕಳೆದ ಫೆಬ್ರವರಿ ಇಪ್ಪತ್ತಾರರಿಂದ ಅದು ಒಂದು ಹೆಣ್ಣುಮಗುವಿನ ಹೆಸರೂ ಹೌದು. ಎರಡನೆಯ ಸಂಗತಿಗೆ ಸರ್ಕಾರಿ ಮೊಹರು ಬಿದ್ದಿರುವುದರಿಂದ ಅದನ್ನು ಅನುಮಾನಿಸುವ ಹಕ್ಕು ಯಾರಿಗೂ ಇಲ್ಲ. ಹೆಸರು ಹೇಗೆ ಹುಟ್ಟಿತು ಅನ್ನುವುದಕ್ಕೆ ಕಡತದಲ್ಲಿ ಒಂದು ಕಾರಣ ಇದೆ, ಊರ ಹೆಂಗಸರ ಬಾಯಲ್ಲಿ ಇನ್ನೊಂದಿದೆ. ಕಡತಕ್ಕೆ ಸುಳ್ಳು ಹೇಳಿ ಗೊತ್ತಿಲ್ಲ, ಹೆಂಗಸರಿಗೆ ನಿಜ ಬಚ್ಚಿಟ್ಟು ಗೊತ್ತಿಲ್ಲ.

ಹಳೇ ಶಾಲೆಯ ಕಟ್ಟಡದಲ್ಲಿರುವ ಜನನ ನೋಂದಣಿ ಕಚೇರಿಗೆ ಮೂವತ್ತೊಂದು ವರ್ಷದಿಂದ ಗೆಬ್‌ಹಾರ್ಟ್ ಪಾಗೆಲ್ಸ್ ಅಧಿಕಾರಿ. ಅವನ ಮೇಜು ದಾಟದೆ ಸುತ್ತಲ ಒಂಬತ್ತು ಹಳ್ಳಿಯ ಯಾವ ಕೂಸಿಗೂ ಹೆಸರಿಲ್ಲ. ಮಗನಿಗೆ ಟ್ರ್ಯಾಕ್ಟರ್ ಕಂಪನಿಯ ಹೆಸರಿಡಲು ಬಂದವನನ್ನು ವಾಪಸ್ ಕಳಿಸಿದ್ದ. ಮಗಳಿಗೆ ಸೋಪಿನ ಹೆಸರು ಕೇಳಿದವಳಿಗೆ ನಾಲ್ಕು ಪುಟದ ಬುದ್ಧಿವಾದ ಬರೆದಿದ್ದ. ಪುರಾವೆ ತಗೊಂಡು ಬಾ, ಹೆಸರು ತಗೊಂಡು ಹೋಗು, ಇಷ್ಟೇ ಅವನ ವೇದ.

ಇಡೀ ಸೇವೆಯಲ್ಲಿ ಪುರಾವೆ ಕೇಳದೆ ಬರೆದ ಹೆಸರು ಒಂದೇ, ಸ್ವಂತ ಮಗನದು. ಇಪ್ಪತ್ತೇಳು ವರ್ಷದ ಹಿಂದೆ ಅವನ ಹೆಂಡತಿ ಹೈಡ್ರುನ್ ಸೊಂಟನೋವಿಗೆಂದು ಬಾಡ್ ಲೋರಿನ್ ಎಂಬ ಬಿಸಿನೀರಿನ ಊರಿಗೆ ಮೂರು ವಾರ ಸ್ನಾನಚಿಕಿತ್ಸೆಗೆ ಹೋಗಿದ್ದಳು. ಬರುವಾಗ ಸೊಂಟ ನೆಟ್ಟಗಾಗಿತ್ತು. ಒಂಬತ್ತು ತಿಂಗಳಿಗೆ ಗಂಡುಮಗು. ವಾಸಿ ಮಾಡಿದ ಊರಿನ ಋಣ ಇರಬಾರದು ಅಂತ ಅವಳು 'ಲೋರಿನ್' ಅಂದಳು. ಚಿಕ್ಕ ಹೆಸರು, ಕಾಲಂನಲ್ಲಿ ಸರಿಯಾಗಿ ಕೂರುತ್ತದೆ ಅಂತ ಪಾಗೆಲ್ಸ್ ಬರೆದುಕೊಂಡ. ಆ ಹುಡುಗ ಬೆಳೆದು ಊರ ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದುತ್ತಾನೆ. ಪಾಗೆಲ್ಸ್‌ಗೋ ಚರ್ಚಿನ ಗಂಟೆಗೂ ತಟ್ಟೆ ಬಿದ್ದ ಸದ್ದಿಗೂ ವ್ಯತ್ಯಾಸ ತಿಳಿಯದು. "ನಮ್ಮ ವಂಶದಲ್ಲೇ ಇಲ್ಲದ ವಿದ್ಯೆ, ಇವನಿಗೆ ಎಲ್ಲಿಂದ ಬಂತೋ!" ಎಂದು ಪ್ರತಿ ಹಬ್ಬದಲ್ಲೂ ಹೆಮ್ಮೆಯಿಂದ ಕೇಳುತ್ತಿದ್ದ. ಊರ ಹೆಂಗಸರು ಬಿಯರ್ ಲೋಟದೊಳಕ್ಕೆ ನೋಡಿಕೊಂಡು ಕೂರುತ್ತಿದ್ದರು.

ಜನವರಿ ಕೊನೆಯ ದಿನ ಮಾರೈಕೆ ಟೀಸೆನ್ ನಾಲ್ಕು ದಿನದ ಕೂಸನ್ನು ಎದೆಗೆ ಕಟ್ಟಿಕೊಂಡು ಕಚೇರಿಗೆ ಬಂದಳು. ಊರಲ್ಲಿ ಅಂಗಡಿ ಮುಚ್ಚಿ ಹೋದ ಮೇಲೆ ವಾರಕ್ಕೆ ಮೂರು ದಿನ ಹಾರ್ನ್ ಹೊಡೆದುಕೊಂಡು ಬಂದು ರೊಟ್ಟಿ ಮಾರುವ ವ್ಯಾನು ಅವಳದೇ. ಮದುವೆ ಆಗಿಲ್ಲ. ಆಗಲೇಬೇಕು ಅಂತ ಅವಳಿಗೆ ಅನಿಸಿಯೂ ಇಲ್ಲ.

"ಮಗುವಿನ ಹೆಸರು?" ಎಂದ ಪಾಗೆಲ್ಸ್.

"ಡ್ರೆವೆಲಿನ್."

ಪಾಗೆಲ್ಸ್ ಕನ್ನಡಕ ಏರಿಸಿದ. "ಊರಿನ ಹೆಸರನ್ನ ಮನುಷ್ಯರಿಗೆ ಇಡೋಕೆ ಬರಲ್ಲ."

"ನಿಮ್ಮ ಲೋರಿನ್‌ದು ಊರಿನ ಹೆಸರಲ್ವಾ?"

"ಅದು ವೈದ್ಯಕೀಯ ಕಾರಣ. ನಿನ್ನ ಕಾರಣ ಏನು?"

"ತಂದೆ ಈ ಊರಿನೋರು."

"ಈ ಊರಿನ ಯಾರು?"

"ಅದು ಗೊತ್ತಿದ್ರೆ ಊರಿನ ಹೆಸರು ಯಾಕೆ ಇಡ್ತಿದ್ದೆ? ಮೇ ತಿಂಗಳಲ್ಲಿ ಅಗ್ನಿಶಾಮಕ ದಳದ ಹಬ್ಬ ಆಯ್ತಲ್ಲ, ಆ ವಾರ ನಾನೂ ಸ್ವಲ್ಪ ಖುಷಿಯಾಗಿದ್ದೆ. ಆರು ಜನ ಇದಾರೆ. ಆರೂ ಮನೆಗೂ ನಾನು ರೊಟ್ಟಿ ಮಾರಬೇಕು ಪಾಗೆಲ್ಸ್ ಅವರೇ. ಒಬ್ಬನ ಕಡೆ ಬೆರಳು ತೋರಿಸಿದ್ರೆ ಒಂದು ಮನೆ ಗಿರಾಕಿ ಹೋಯ್ತು. ಊರಿನ ಹೆಸರಿಟ್ರೆ ಯಾರಿಗೂ ಬೇಜಾರಿಲ್ಲ."

"ನಿಯಮ ಒಪ್ಪಲ್ಲ," ಎಂದು ಪಾಗೆಲ್ಸ್ ಪೆನ್ನು ಮುಚ್ಚಿದ.

ಮಾರೈಕೆ ಮೇಜಿನ ಮೇಲೆ ಬಗ್ಗಿದಳು. ಬಹುವಚನ ಅಲ್ಲೇ ಉದುರಿಹೋಯಿತು. "ಆಯ್ತು ಬಿಡು ಗೆಬಿ. ಹಾಗಾದ್ರೆ ಅಪ್ಪನ ಹೆಸರೇ ಇಡೋಣ. ಗೆಬ್‌ಹಾರ್ಟಾ. ಹೇಗಿದೆ?"

ಪಾಗೆಲ್ಸ್ ಕಿವಿ ಬೀಟ್‌ರೂಟ್ ಆಯಿತು. "ನಾನೇ ಅಂತ ಏನು ಗ್ಯಾರಂಟಿ?"

"ಗ್ಯಾರಂಟಿ ಇಲ್ಲ, ಆರರಲ್ಲಿ ಒಂದು. ಈ ಲೆಕ್ಕ ಹೈಡ್ರುನಕ್ಕನಿಗೆ ಅರ್ಥ ಆಗತ್ತಾ ಕೇಳಿ ನೋಡು."

ಆ ಕ್ಷಣದಿಂದ ಪಾಗೆಲ್ಸ್‌ನ ಮೂವತ್ತು ವರ್ಷದ ಸಂಸಾರ ಆ ಕೂಸಿನ ಹೆಸರಿಗೆ ಜೋತುಬಿತ್ತು. ಹುಟ್ಟಿದ ಒಂದು ತಿಂಗಳೊಳಗೆ ಹೆಸರು ದಾಖಲಾಗಬೇಕು. ಇಲ್ಲದಿದ್ದರೆ ವಿಷಯ ಕೋರ್ಟಿಗೆ ಹೋಗುತ್ತದೆ, ಕೋರ್ಟು ತಂದೆ ಯಾರು ಅಂತ ಕೇಳುತ್ತದೆ. ಹಾಗೆಂದು ಮೊಹರು ಗುದ್ದಿಬಿಡೋಣವೆಂದರೆ ಪುರಾವೆ ಇಲ್ಲದೆ ಅವನ ಕೈ ಮೇಲೇಳದು. ಕಳ್ಳಬಸಿರಿಗೆ ಅಂಜದ ಗಂಡಸು ಖಾಲಿ ಕಾಲಂಗೆ ಅಂಜುತ್ತಿದ್ದ.

ನಿಯಮಾವಳಿಯ ಹದಿನಾಲ್ಕನೇ ಕಲಮು ಹೀಗಿತ್ತು: 'ಈ ಹಿಂದೆ ಯಾರಿಗಾದರೂ ಇದ್ದ ಹೆಸರನ್ನು ಮಾತ್ರ ಇಡತಕ್ಕದ್ದು. ಯಾರಿಗೂ ಇರದ ಹೆಸರನ್ನು ಮೊದಲು ಯಾರಾದರೂ ಇಟ್ಟುಕೊಂಡ ನಂತರವೇ ಮೊದಲ ಬಾರಿಗೆ ಇಡಬಹುದು.' ಇದರಲ್ಲಿ ಪಾಗೆಲ್ಸ್ ಈವರೆಗೆ ಒಂದು ತಪ್ಪೂ ಕಂಡಿರಲಿಲ್ಲ, ಈಗಲೂ ಕಾಣಲಿಲ್ಲ. ಹದಿನೈದನೇ ಕಲಮು ಸ್ವಲ್ಪ ಕರುಣೆ ತೋರಿಸಿತ್ತು: 'ಅಥವಾ ಸದರಿ ಹೆಸರು ದೇಶದಾದ್ಯಂತ ಪತ್ರಿಕೆಗಳಲ್ಲಿ ಹೆಣ್ಣಿನ ಹೆಸರಾಗಿ ಬಳಕೆಯಲ್ಲಿರತಕ್ಕದ್ದು.'

ಶುಕ್ರವಾರ ಸಂಜೆ ಹೋಟೆಲಿನ ಖಾಯಂ ಮೇಜಿನಲ್ಲಿ ಆರೂ ಜನ ಸೇರಿದರು. ಯಾರನ್ನೂ ಯಾರೂ ಕರೆದಿರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ ಎಲ್ಲ ದೇಶದಲ್ಲೂ ಇದೆ. ಊರ ಅಧ್ಯಕ್ಷ ಡೀಟ್ಮಾರ್ ಶ್ವಾಂಕೆ, ಅಗ್ನಿಶಾಮಕ ದಳದ ಮುಖ್ಯಸ್ಥ, ಟ್ರ್ಯಾಕ್ಟರ್ ಮೆಕ್ಯಾನಿಕ್, ಜೇನು ಸಾಕುವವನು, ಚರ್ಚಿನಲ್ಲಿ ಆರ್ಗನ್ ನುಡಿಸುವವನು, ಆರನೆಯವನು ಪಾಗೆಲ್ಸ್.

"ಊರಿನ ಅಭಿಮಾನದ ಪ್ರಶ್ನೆ ಇದು," ಎಂದ ಅಧ್ಯಕ್ಷ ಗಂಟಲು ಸರಿಮಾಡಿಕೊಂಡು.

"ಹೌದೌದು, ಅಭಿಮಾನದ್ದೇ," ಎಂದವು ಉಳಿದ ಐದು ಗಂಟಲು.

"ನಮ್ಮ ಹಸು ಒಂದಕ್ಕೆ ಆ ಹೆಸರಿದೆ. ತಳಿ ಪುಸ್ತಕದಲ್ಲೇ ಬರ್ಸಿದೀನಿ," ಎಂದ ಮೆಕ್ಯಾನಿಕ್.

"ಹಸುವಿನ ಸುದ್ದಿ ಪೇಪರಲ್ಲಿ ಬರತ್ತೇನಯ್ಯಾ? ಕೂತ್ಕೋ," ಎಂದ ಪಾಗೆಲ್ಸ್.

ಆಗ ಅಗ್ನಿಶಾಮಕದವನು ಮೇಜು ಗುದ್ದಿದ. "ಬಿರುಗಾಳಿ! ಪ್ರತಿ ಬಿರುಗಾಳಿಗೂ ಹೆಸರಿಡ್ತಾರಲ್ಲ, ಬರ್ಲಿನ್‌ನಲ್ಲಿ ಅದಕ್ಕೊಂದು ಕಚೇರಿ ಇದೆ. ದುಡ್ಡು ಕಟ್ಟಿದ್ರೆ ನಾವು ಹೇಳಿದ ಹೆಸರು. ಹೋದ್ಸಲ ಯಾರೋ ಅವರತ್ತೆ ಹೆಸರು ಇಡ್ಸಿದ್ರಂತೆ, ಹನ್ನೆರಡು ಊರಲ್ಲಿ ಹೆಂಚು ಹಾರ್ಸಿ ಹೋಯ್ತು. ಈ ವರ್ಷ ಹೆಣ್ಣು ಹೆಸರಿನ ಸರದಿ ಬೇರೆ."

ಆರು ಜನ ಅಲ್ಲೇ ಜೇಬಿಗೆ ಕೈಹಾಕಿದರು. ಇಷ್ಟು ಬೇಗ ಚಂದಾ ಎತ್ತಿದ್ದು ಊರ ಚರಿತ್ರೆಯಲ್ಲೇ ಇಲ್ಲ. ಚರ್ಚಿನ ಮಾಡು ಏಳು ವರ್ಷದಿಂದ ಸೋರುತ್ತಿದೆ.

ಬರ್ಲಿನ್ನಿನಿಂದ ಉತ್ತರ ಬಂತು: 'ತಾವು ಸೂಚಿಸಿದ ಹೆಸರು ಅಂದವಾಗಿದೆ. ಆದರೆ ನೋಂದಣಿ ಕಚೇರಿಯೊಂದು ಮನುಷ್ಯರ ಹೆಸರೆಂದು ಒಪ್ಪಿರದ ಹೆಸರನ್ನು ಗಾಳಿಗೆ ಇಡಲು ಬರುವುದಿಲ್ಲ. ತಮ್ಮ ನೋಂದಣಿ ಅಧಿಕಾರಿಯಿಂದ ಪತ್ರ ತರತಕ್ಕದ್ದು.'

ಗಾಳಿಗಿಲ್ಲದೆ ಮಗುವಿಗಿಲ್ಲ, ಮಗುವಿಗಿಲ್ಲದೆ ಗಾಳಿಗಿಲ್ಲ. ಪಾಗೆಲ್ಸ್ ಎರಡು ದಿನ ಊಟ ಬಿಟ್ಟ. ಹುರಿದ ಹಂದಿಮಾಂಸ ತಟ್ಟೆಯಲ್ಲೇ ಆರಿತು. ಹೈಡ್ರುನ್ ಕೇಳಿದಳು, "ಏನ್ರೀ, ಹೊಟ್ಟೆ ಸರಿ ಇಲ್ವಾ?"

"ಕಚೇರಿ ಕೆಲಸ."

"ಆ ರೊಟ್ಟಿ ಹುಡುಗಿ ಕೂಸಿನ ಕೆಲಸವಾ?"

"ಊರಿನ ಅಭಿಮಾನದ ಪ್ರಶ್ನೆ," ಎಂದು ಪಾಗೆಲ್ಸ್ ಆಲೂಗಡ್ಡೆ ಬಾಯಿಗೆ ತುರುಕಿಕೊಂಡ. ಹೈಡ್ರುನ್ ಮತ್ತೆ ಕೇಳಲಿಲ್ಲ. ಕೇಳದ ಹೆಂಡತಿ ಬೊಗಳದ ನಾಯಿಯಿದ್ದ ಹಾಗೆ, ಅವಳ ಹತ್ತಿರ ಹುಷಾರಾಗಿರಬೇಕು.

ಮೂರನೆಯ ದಿನ ಅವನಿಗೆ ದಾರಿ ಹೊಳೆಯಿತು. ಒಂದಕ್ಷರ ಸುಳ್ಳಿಲ್ಲದೆ ಒಂದು ಪತ್ರ ಬರೆದ: 'ಡ್ರೆವೆಲಿನ್ ಎಂಬ ಹೆಸರು ಮನುಷ್ಯರ ಹೆಸರೆಂಬುದು ಈ ಕಚೇರಿಯಲ್ಲಿ ಪರಿಶೀಲನೆಯಲ್ಲಿದೆ.' ಸಹಿ, ಎರಡು ಮೊಹರು. ಎರಡು ಮೊಹರಿದ್ದ ಕಾಗದವನ್ನು ಬರ್ಲಿನ್ನಿನಲ್ಲಿ ಯಾರೂ ಓದುವುದಿಲ್ಲ. ಬಿರುಗಾಳಿಗಳಿಗೆ ಅಕ್ಷರಮಾಲೆಯ ಕ್ರಮದಲ್ಲಿ ಹೆಸರಿಡುತ್ತಾರೆ, ಸರಿಯಾಗಿ ಅದೇ ವಾರ ಸರದಿ 'ಡ'ಗೆ ಬಂದಿತ್ತು.

ಫೆಬ್ರವರಿ ಹತ್ತೊಂಬತ್ತರ ಬೆಳಗ್ಗೆ ರೇಡಿಯೋ ಹೇಳಿತು: 'ಡ್ರೆವೆಲಿನ್ ಇಂದು ಸಂಜೆ ಉತ್ತರದ ಕರಾವಳಿಗೆ ಅಪ್ಪಳಿಸಲಿದ್ದಾಳೆ. ಅವಳು ಎಲ್ಲಿ ತಿರುಗುವಳೆಂದು ಹೇಳಲಾಗದು. ಸಾರ್ವಜನಿಕರು ಮನೆಯಿಂದ ಹೊರಗೆ ಬರಬಾರದು.' ಆರು ಜನ ಗಂಡಸರು ಆಗಲೇ ಎರಡು ವಾರದಿಂದ ಸಂಜೆ ಹೊರಗೆ ಬಂದಿರಲಿಲ್ಲ.

ಅವಳು ಬಂದಳು. ರೈಲು ನಿಂತವು, ಕಂಬ ಮುರಿದವು. ಅಧ್ಯಕ್ಷನ ಕಾರಿನ ಮೇಲೆ ಪೈನ್ ಮರ ಮಲಗಿತು. ಅಗ್ನಿಶಾಮಕ ದಳದ ಹಬ್ಬದ ಡೇರೆ, ಎಲ್ಲದಕ್ಕೂ ಸಾಕ್ಷಿಯಾಗಿದ್ದ ಆ ಡೇರೆ, ಪಕ್ಕದ ಜಿಲ್ಲೆಯಲ್ಲಿ ಸಿಕ್ಕಿತು. ಹನ್ನೊಂದು ಜೇನುಗೂಡು ಕೆರೆಗೆ ಬಿದ್ದವು. ನೋಂದಣಿ ಕಚೇರಿಯ ಹೆಂಚಿನ ಅರ್ಧ ಭಾಗ ಹಾರಿಹೋಯಿತು. ಮಾರೈಕೆಯ ವ್ಯಾನಿಗೆ ಒಂದು ಗೀರೂ ಬೀಳಲಿಲ್ಲ. ಮರುದಿನ ದೇಶದ ಎಲ್ಲ ಪತ್ರಿಕೆಗಳ ಮುಖಪುಟದಲ್ಲಿ ಕೈಯಗಲದ ಅಕ್ಷರ: 'ಡ್ರೆವೆಲಿನ್ ಯಾರನ್ನೂ ಬಿಡಲಿಲ್ಲ.'

ಇಷ್ಟು ಖುಷಿಯಿಂದ ಹಾನಿಯ ಸುದ್ದಿ ಓದಿದವನು ಪಾಗೆಲ್ಸ್ ಒಬ್ಬನೇ. ಮೂವತ್ತೇಳು ತುಣುಕು ಕತ್ತರಿಸಿ ಕಡತಕ್ಕೆ ಅಂಟಿಸಿದ. ಹೆಣ್ಣಿನ ಹೆಸರು, ದೇಶದಾದ್ಯಂತ, ಪತ್ರಿಕೆಗಳಲ್ಲಿ. ಹದಿನೈದನೇ ಕಲಮು ತೃಪ್ತಿಪಟ್ಟಿತು. ಇಪ್ಪತ್ತಾರರಂದು, ಗಡುವಿಗೆ ಒಂದು ದಿನ ಮುಂಚೆ, ತೆರೆದ ಮಾಡಿನ ಕೆಳಗೆ ಎಡಗೈಯಲ್ಲಿ ಕೊಡೆ ಹಿಡಿದು ಬಲಗೈಯಲ್ಲಿ ಮೊಹರು ಒತ್ತಿದ.

"ತಂದೆಯ ಕಾಲಂ?" ಎಂದಳು ಮಾರೈಕೆ.

"ಹೆಸರು ನೋಡಿ, ಅಂತ ಬರ್ದಿದೀನಿ."

"ಜಾಣ ಕಣೋ ನೀನು," ಎಂದು ಅವಳು ಒಂದು ಬಿಸಿ ರೊಟ್ಟಿ ಮೇಜಿನ ಮೇಲಿಟ್ಟು ಹೋದಳು.

ಕತೆ ಇಲ್ಲಿಗೆ ಮುಗಿದಿದ್ದರೆ ಪಾಗೆಲ್ಸ್ ಬದುಕಿಕೊಳ್ಳುತ್ತಿದ್ದ. ಆದರೆ ಹೆಸರು ಜನಕ್ಕೆ ಹಿಡಿಸಿಬಿಟ್ಟಿತು. ಬಿರುಗಾಳಿಯ ರಾತ್ರಿ ಹೆತ್ತವರು ಇಟ್ಟರು, ಪೇಪರಿನಲ್ಲಿ ಓದಿದವರು ಇಟ್ಟರು. ಜೂನ್ ಹೊತ್ತಿಗೆ ದೇಶದಲ್ಲಿ ನೂರ ಎಂಟು ಡ್ರೆವೆಲಿನ್‌ಗಳು ಹಾಲು ಕಕ್ಕುತ್ತಿದ್ದವು. ಹೆಸರಿನ ಪಂಡಿತರೊಬ್ಬರು ಇದು ಸಾವಿರ ವರ್ಷ ಹಳೆಯದು, 'ಕಾಡಿನಿಂದ ಬಂದವಳು' ಎಂದರ್ಥ ಎಂದು ಬರೆದರು. ಅವರಿಗೆ ಸನ್ಮಾನ ಆಯಿತು. ಆಮೇಲೆ ಬೇರೆ ಊರ ಹುಡುಗಿಯರಿಗೂ ಬುದ್ಧಿ ಬಂತು. ತಂದೆ ಯಾರೆಂದು ಹೇಳಲು ಇಷ್ಟವಿಲ್ಲದವರೆಲ್ಲ ಊರಿನ ಹೆಸರು ಹಿಡಿದು ಕಚೇರಿಗಳ ಮುಂದೆ ಸಾಲುಗಟ್ಟಿದರು. ಪ್ರತಿ ಅಧಿಕಾರಿಯೂ ಪಾಗೆಲ್ಸ್‌ನ ಕಡತವನ್ನೇ ಮಾದರಿ ಮಾಡಿಕೊಂಡ.

ಆಗಸ್ಟಿನಲ್ಲಿ ಮೇಲಿನಿಂದ ಸುತ್ತೋಲೆ ಬಂತು: 'ಡ್ರೆವೆಲಿನ್ ಪದ್ಧತಿಯನ್ನು ಕಾಯಂಗೊಳಿಸಲಾಗಿದೆ. ಸ್ಥಳದ ಹೆಸರಿಟ್ಟ ಮಗುವಿನ ತಂದೆಯ ಕಾಲಂನಲ್ಲಿ "ಹೆಸರು ನೋಡಿ" ಎಂದು ಮಾತ್ರ ಬರೆಯತಕ್ಕದ್ದು. ಇದು ಹಿಂದಿನ ಮೂವತ್ತು ವರ್ಷಗಳ ದಾಖಲೆಗಳಿಗೂ ಅನ್ವಯ.' ಜೊತೆಗೆ ಪಾಗೆಲ್ಸ್‌ಗೊಂದು ಪ್ರಶಂಸಾಪತ್ರ. ಅದಕ್ಕೆ ಚೌಕಟ್ಟು ಹಾಕಿಸಿ ಗೋಡೆಗೆ ನೇತುಹಾಕಿದ. ಮಾಡು ಇನ್ನೂ ಪೂರ್ತಿ ರಿಪೇರಿ ಆಗಿರಲಿಲ್ಲ.

ಹಳೇ ಪುಸ್ತಕ ತೆಗೆದು ತಿದ್ದುತ್ತಾ ಕೂತಿದ್ದಾಗ ಹೈಡ್ರುನ್ ಪ್ಲಮ್ ಕೇಕ್ ಕಟ್ಟಿಕೊಂಡು ಬಂದಳು. ಎಂದೂ ಕಚೇರಿಗೆ ಬಂದವಳಲ್ಲ.

"ರೀ, ಆ ಸುತ್ತೋಲೆ ನಮ್ಮ ಲೋರಿನ್‌ಗೂ ಬರತ್ತಲ್ವಾ?"

"ಅವನದು ವೈದ್ಯಕೀಯ."

"ವೈದ್ಯ ಅಲ್ಲ ರೀ. ಅಲ್ಲಿ ತೋಟದಲ್ಲಿ ಸಂಜೆ ಕ್ಲಾರಿನೆಟ್ ಊದೋನು."

ಮಾಡಿನ ಸಂದಿಯಿಂದ ಒಂದು ಗುಬ್ಬಿ ಒಳಗೆ ಬಂದು, ನೋಡಿ, ಹೊರಗೆ ಹೋಯಿತು.

"ಅವನೇ ಅಂತ... ಏನು ಗ್ಯಾರಂಟಿ?" ಎಂದ ಪಾಗೆಲ್ಸ್ ಕೊನೆಗೆ.

"ಗ್ಯಾರಂಟಿ ಇಲ್ಲ. ಅವನೊಬ್ಬ, ನೀವೊಬ್ಬರು. ಎರಡರಲ್ಲಿ ಒಂದು." ಹೈಡ್ರುನ್ ಕೇಕಿಗೆ ಚಾಕು ಹಾಕಿದಳು. "ಆರರಲ್ಲಿ ಒಂದಕ್ಕಿಂತ ವಾಸಿ ಅಲ್ವಾ ಗೆಬಿ? ಕೆನೆ ಜಾಸ್ತಿ ಹಾಕ್ಲಾ?"

"ಹಾಕು," ಎಂದ ಪಾಗೆಲ್ಸ್. ಇಪ್ಪತ್ತೇಳು ವರ್ಷದ ಹಿಂದಿನ ಪುಟ ತೆರೆದ. ಗೆಬ್‌ಹಾರ್ಟ್ ಪಾಗೆಲ್ಸ್ ಎಂದು ತನ್ನದೇ ದುಂಡಕ್ಷರದಲ್ಲಿ ಬರೆದಿದ್ದರ ಮೇಲೆ ಅಳತೆಪಟ್ಟಿ ಇಟ್ಟು ನೇರ ಗೆರೆ ಎಳೆದ. 'ಹೆಸರು ನೋಡಿ' ಎಂದು ಬರೆದು, ತಾರೀಖು ಹಾಕಿ, ಮೊಹರು ಒತ್ತಿ, ಶಾಯಿ ಆರಲೆಂದು ಊದಿದ. ಹೊರಗೆ ರೊಟ್ಟಿ ವ್ಯಾನಿನ ಹಾರ್ನ್ ಆಯಿತು. ಹೈಡ್ರುನ್ ಚೀಲ ತೆಗೆದುಕೊಂಡು ಹೋಗಿ ಎರಡು ರೊಟ್ಟಿ ತಂದಳು, ಕೂಸಿನ ಗಲ್ಲ ಹಿಂಡಿಯೂ ಬಂದಳು.

ಆ ಭಾನುವಾರ ಊರ ಬ್ಯಾಂಡಿನಲ್ಲಿ ಲೋರಿನ್ ಎಂದಿನಂತೆ ಕ್ಲಾರಿನೆಟ್ ಊದಿದ. ಈ ವಿದ್ಯೆ ಇವನಿಗೆ ಎಲ್ಲಿಂದ ಬಂತೋ ಎಂದು ಪಾಗೆಲ್ಸ್ ಕೇಳಲಿಲ್ಲ. ಪಕ್ಕದಲ್ಲಿ ಕೂತ ಅಧ್ಯಕ್ಷ ಶ್ವಾಂಕೆಯೇ ಅಭ್ಯಾಸಬಲದಿಂದ ಕೇಳಿದ.

"ಹೆಸರು ನೋಡಿ," ಎಂದ ಪಾಗೆಲ್ಸ್, ಮತ್ತು ಎಲ್ಲರಿಗಿಂತ ಜೋರಾಗಿ, ತಾಳ ತಪ್ಪಿ ಚಪ್ಪಾಳೆ ತಟ್ಟಿದ.