ಟೆಕ್ನೋ ಸಂಗೀತಕ್ಕೆ ನಾನು ರೊಟ್ಟಿ ಬಡಿದದ್ದು

ನಲ್ಲಿ ನೀರು ಹಿಡಿದೆ. ಬಾಗಿಲಿಗೆ ರಂಗೋಲಿ ಹಾಕಿದೆ. ದೇವರ ಪಾತ್ರೆಗಳಿಗೆ ಹುಣಸೆಹಣ್ಣು ಹಚ್ಚಿ ತಿಕ್ಕಿದೆ. ಕಿಟಕಿಯ ಸರಳುಗಳ ಮೇಲಿನ, ಫ್ಯಾಕ್ಟರಿಯಿಂದ ಬಂದ ಸಿಮೆಂಟ್ ಧೂಳು ಒರೆಸಿದೆ. ಸಂಜೆಗೆ ಮತ್ತೆ ಬರುತ್ತದೆ, ಬರಲಿ. ನಮ್ಮವರ ಅಂಗಿಗೆ ಗುಂಡಿ ಹಚ್ಚಿದೆ. ತೊಗರಿಬೇಳೆಯನ್ನು ಬಿಸಿಲಿಗೆ ಹರವಿದೆ. ಇಷ್ಟೂ ಆದ ಮೇಲೆ, ಆ ಭಾನುವಾರ, ನಾನು ಪಾಶ್ಚಾತ್ಯ ಸಂಗೀತ ಕ್ಷೇತ್ರಕ್ಕೆ ಕಾಲಿಟ್ಟೆ.

ಇದಕ್ಕೆ ಹೊಣೆ ನನ್ನ ತಮ್ಮ ಗುರುರಾಜ. ಪುಣೆಯ ಒಂದು ಸ್ಟುಡಿಯೋದಲ್ಲಿ ಜಾಹೀರಾತಿಗೆ ಸದ್ದು ಕೂಡಿಸುವ ಕೆಲಸ ಅವನದು. ಲ್ಯಾಪ್‌ಟಾಪ್ ಎಂಬುದನ್ನು ವಾಡಿಯ ನಮ್ಮ ರೈಲ್ವೆ ಕ್ವಾರ್ಟರ್ಸಿನ ಜನ ಇನ್ನೂ ಮುಟ್ಟಿ ನೋಡುತ್ತಿದ್ದ ಕಾಲ. ಅದನ್ನು ಬಗಲಿಗೆ ಹಾಕಿಕೊಂಡು, ಬೆಕ್ಕಿನ ತುಪ್ಪಳದಂಥ ಟೊಪ್ಪಿಗೆ ತೊಟ್ಟ ಮೈಕು ಹಿಡಿದು ಅವನು ವಾರದಿಂದ ಊರೂರು ತಿರುಗಿದ್ದ. ಚಿಂಚೋಳಿ ಕಾಡಿನ ಹುಳುಗಳ ಚಿರ್ರೆನ್ನುವ ಸದ್ದು, ಸೇಡಂ ಕಡೆಯ ಕಾಗಿಣಾ ಹೊಳೆಯ ನೀರು, ಕೋಡ್ಲಾದ ಹಾದಿಯಲ್ಲಿ ತೊಗರಿ ಹೊಲದ ಗಾಳಿ, ಎಲ್ಲವನ್ನೂ ಹಿಡಿದು ತಂದಿದ್ದ. ದುಡ್ಡು ಕೊಟ್ಟು ಕೊಂಡ ಯಂತ್ರದಲ್ಲಿ ಗಾಳಿ ತುಂಬಿಕೊಂಡು ಬಂದಿದ್ದಾನೆಂದು ನಮ್ಮವರು ಪಾರ್ಸಲ್ ಆಫೀಸಿನಲ್ಲಿ ಎಲ್ಲರಿಗೂ ಹೇಳಿ ನಗಿಸಿದ್ದರು.

ತಾನು ಮಾಡಿದ ಒಂದು ಸಂಗೀತವನ್ನು ನನಗೆ ಕೇಳಿಸಿದ. ಕೈಕಟ್ಟಿ ಕುಳಿತು ಭಕ್ತಿಯಿಂದ ಕೇಳಿದೆ. ಬಹಳ ಹೊತ್ತಾದ ಮೇಲೆ, ಇನ್ನೂ ಶುರುವಾಗಿಲ್ಲವೇನೋ ಎಂದೆ.

"ಅಕ್ಕಾ, ಮುಗೀತು."

ಆಮೇಲೆ ತಿಳಿಸಿ ಹೇಳಿದ. ಇದಕ್ಕೆ ಮಿನಿಮಲ್ ಟೆಕ್ನೋ ಎನ್ನುತ್ತಾರಂತೆ, ಪರದೇಶದಲ್ಲಿ ಜನ ಇದಕ್ಕೆ ಕುಣಿಯುತ್ತಾರಂತೆ. ಮಿನಿಮಲ್ ಎಂದರೆ ಕಡಿಮೆ. ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು. ಅದರಲ್ಲಿ ಡಬ್ ಎಂಬುದೂ ಸೇರುತ್ತದಂತೆ. ಒಂದು ಸದ್ದನ್ನು ಬಾವಿಗೆ ಎಸೆದ ಹಾಗೆ ದೂರ ಕಳಿಸಿ, ಮತ್ತೆ ಮತ್ತೆ ವಾಪಸ್ಸು ಕರೆಸುವುದು. ಕಡಿಮೆ ಮಾಡುವುದನ್ನು ಕಲಿಯಲು ಪುಣೆಗೆ ಹೋಗಬೇಕಿತ್ತೇ ಎಂದು ಕೇಳುವವಳಿದ್ದೆ. ಅಷ್ಟರಲ್ಲಿ ಅವನು, ದಿನನಿತ್ಯದ ಬದುಕಿನ ಒಂದು ತಾಳ ಬೇಕು, ಜೋಳದ ರೊಟ್ಟಿ ಬಡಿಯುವ ಸದ್ದು ಕೊಡುತ್ತೀಯಾ ಅಂದ. ನಾನು ಮೆತ್ತಗಾದೆ.

ಯಾಕೆಂದರೆ ನಮ್ಮ ಪಕ್ಕದ ಮನೆಯಲ್ಲಿ ಶರಣಮ್ಮ ಇದ್ದಾಳೆ. ರಾವೂರ ಕಡೆಯ ಹೊಲಮನೆಯ ಹೆಣ್ಣುಮಗಳು. ನಡುವಿನ ಗೋಡೆ ತೆಳ್ಳಗಿರುವುದರಿಂದ ಅವಳು ಬಡಿಯುವುದು ನನಗೆ, ನಾನು ಬಡಿಯುವುದು ಅವಳಿಗೆ ದಿನಾ ಕೇಳುತ್ತದೆ. ಒಮ್ಮೆ ಹಪ್ಪಳ ಹಾಕುವಾಗ ನಮ್ಮ ಕ್ವಾರ್ಟರ್ಸ್ ಲೈನಿನ ಹೆಂಗಸರೆಲ್ಲರ ಎದುರಿಗೆ ಅವಳು, "ವೈನಿ ಕೈ ಅಂದ್ರ ಚಪಾತಿ ಕೈ ನೋಡ್ರಿ. ರೊಟ್ಟಿ ಬಡದ್ರ ಕೂಸಿಗೆ ತಟ್ಟಿ ಮಲಗಿಸಿದಂಗ ಕೇಳ್ತದ" ಅಂದಿದ್ದಳು. ಎಲ್ಲರೂ ನಕ್ಕಿದ್ದರು. ಈ ಕಳಂಕವನ್ನು ತೊಳೆಯಲು ಟೆಕ್ನೋ ತಾನಾಗಿ ಮನೆಗೆ ಬಂದಿತ್ತು! ಕೂಡಲೇ ಶಹಾಬಾದಿನ ತಂಗಿಗೆ ಫೋನು ಮಾಡಿದೆ. ನನ್ನ ರೊಟ್ಟಿಯ ತಾಳಕ್ಕೆ ಪರದೇಶದ ಜನ ಕುಣಿಯಲಿದ್ದಾರೆ, ಸಂಜೆ ಬಂದು ಕೇಳಿರಿ ಎಂದು ಲೈನಿಗೆಲ್ಲ ಆಮಂತ್ರಣ ಕೊಟ್ಟೆ. ಶರಣಮ್ಮನಿಗೆ ಎರಡು ಸಲ ಕೊಟ್ಟೆ.

ಇಳಕಲ್ ಸೀರೆ ಉಟ್ಟು, ತಲೆ ಬಾಚಿ ಒಲೆಯ ಮುಂದೆ ಕುಳಿತೆ. ಗುರುರಾಜ ಶಹಾಬಾದ್ ಕಲ್ಲಿನ ನೆಲದ ಮೇಲೆ ಬೋರಲು ಮಲಗಿ, ಮೈಕನ್ನು ಹಿಟ್ಟಿನ ಹತ್ತಿರ ತಂದ. ಎರಡು ಸಲ ಬಡಿದಿರಬೇಕು, ಕೈ ಎತ್ತಿ ನಿಲ್ಲಿಸಿದ.

"ಅಕ್ಕಾ, ಬಳಿ ಸದ್ದು ಬರ್ಲಿಕತ್ತದ. ತಗೀತೀ ಏನು?"

ನನಗೆ ಮೈಯೆಲ್ಲ ಉರಿದುಹೋಯಿತು. ಮುತ್ತೈದೆಯ ಹಸಿರು ಬಳೆ! ಹೊರಗೆ ಗಂಡ ಗಟ್ಟಿಮುಟ್ಟಾಗಿ ಕುಳಿತು ಪೇಪರು ಓದುತ್ತಿರುವಾಗ ನಾನು ಬಳೆ ತೆಗೆಯಬೇಕೆ? ಅದೂ ಒಡಹುಟ್ಟಿದವನ ಬಾಯಲ್ಲಿ ಬರುವ ಮಾತೇ ಇದು? ನನ್ನ ಬೈಗುಳ ಕೇಳಿ ನಮ್ಮವರು ಒಳಗೆ ಇಣುಕಿದರು.

"ತಗೀಲಿ ಬಿಡೋ. ಹತ್ತು ನಿಮಿಷ ನಾ ಹೆಂಗರೆ ಮಾಡಿ ಜೀವ ಹಿಡಕೋತೀನಿ."

ಕೊನೆಗೆ ಬಳೆಗಳನ್ನು ಮೊಳಕೈತನಕ ಏರಿಸಿ, ನಮ್ಮವರದೇ ಟವೆಲ್ಲಿನಿಂದ ಬಿಗಿದು ಕಟ್ಟಿದೆವು. ಕೈ ಮುರಿದವಳಂತೆ ಕಾಣುತ್ತಿದ್ದೆ. ಆಮೇಲೆ ಫ್ಯಾನು ಆರಿಸಿದೆವು. ಇಳಕಲ್ ಸೆರಗು ಸರಸರ ಎನ್ನುತ್ತದೆ ಎಂದದ್ದಕ್ಕೆ ಹಳೆಯ ಸೀರೆ ಉಟ್ಟು ಬಂದೆ. ಆಗ ಗೂಡ್ಸ್ ಗಾಡಿ ಶಂಟಿಂಗ್ ಶುರುವಾಯಿತು. ಹೋಗಿ ಸ್ವಲ್ಪ ನಿಲ್ಲಿಸಲು ಹೇಳಿರಿ ಎಂದು ನಮ್ಮವರನ್ನು ಕೇಳಿದೆ. ತಾವು ಪಾರ್ಸಲ್ ಬರೆಯುವ ಗುಮಾಸ್ತರೆಂದೂ, ಹೆಂಡತಿಯ ರೊಟ್ಟಿಗಾಗಿ ದಕ್ಷಿಣ ಭಾರತದ ರೈಲು ನಿಲ್ಲಿಸುವ ಅಧಿಕಾರ ತಮಗಿನ್ನೂ ಬಂದಿಲ್ಲವೆಂದೂ ಅವರು ಸಮಾಧಾನವಾಗಿ ತಿಳಿಸಿದರು.

ಗಾಡಿ ಹೋಯಿತು. ಬಡಿದೆ. ಸದ್ದು ಹೆಚ್ಚಾಯಿತು ಅಂದ. ಮೆಲ್ಲಗೆ ಬಡಿದೆ. ಕಡಿಮೆಯಾಯಿತು ಅಂದ. ಕಡಿಮೆಯೇ ಒಳ್ಳೆಯದು ಅಂದವನು ನೀನೇ ಅಲ್ಲವೇನೋ ಎಂದು ರೇಗಿದೆ. ಮೈಕನ್ನೇ ನೋಡುತ್ತಾ ಬಡಿದರೆ ರೊಟ್ಟಿ ತಿರುಗೀತೆ? ಒಂದು ಹರಿಯಿತು, ಒಂದು ಹೆಂಚಿಗೆ ಅಂಟಿತು, ಒಂದು ಭಾರತದ ನಕ್ಷೆಯಾಯಿತು. ಹಿಟ್ಟಿನ ಡಬ್ಬಿಯ ತಳ ಕಾಣಿಸತೊಡಗಿತು.

ಆ ಹೊತ್ತಿಗೇ ಶರಣಮ್ಮ ಮೊಸರಿಗೆ ಹೆಪ್ಪು ಕೇಳಲು ಬರಬೇಕೆ! ಇವರೂ ಒಮ್ಮೆ ಬಡಿಯಲಿ ಎಂದ ಗುರುರಾಜ. ಅವಳು ಬೇಡ ಎನ್ನುತ್ತಲೇ ಕುಳಿತಳು. ಸೆರಗು ಸಿಕ್ಕಿಸಿ, ಉಳಿದ ಹಿಟ್ಟನ್ನು ನಾದಿ, ಮಳೆಯ ಹಾಗೆ ಬಡಿದಳು. ಕೈತುಂಬ ಬಳೆ ಇದ್ದವು, ಒಂದೂ ಮಾತಾಡಲಿಲ್ಲ. ರೊಟ್ಟಿ ಚಂದ್ರನ ಹಾಗೆ ದುಂಡಗೆ ತಿರುಗಿತು. ನನ್ನ ಸ್ವಂತ ತಮ್ಮ, ನಾನು ಎತ್ತಿ ಆಡಿಸಿದ ತಮ್ಮ, ಕಣ್ಣು ಮುಚ್ಚಿ ತಲೆ ತೂಗಿದ. ನಾನು ಬಡಿಯುವಾಗ ಅವನ ಕಣ್ಣು ಗಡಿಯಾರದ ಮೇಲಿತ್ತು. ನಾನು ಎದ್ದು ಹಿತ್ತಲಿಗೆ ಹೋದೆ.

ಮಧ್ಯಾಹ್ನವೆಲ್ಲ ಅವನು ಕಿವಿಗೆ ಹೆಡ್‌ಫೋನ್ ಸಿಕ್ಕಿಸಿ ಸದ್ದಿಗೆ ಸದ್ದು ಹೊಲಿಯುತ್ತ ಕುಳಿತಿದ್ದ. ಯಾರದ್ದು ಹಾಕಿದೆ ಎಂದರೆ ಸಂಜೆಗೆ ಕೇಳು ಅಂದ. ಸಂಜೆ ಹೆಂಗಸರು ಬಂದರು. ಶರಣಮ್ಮ ಮುಂದೆಯೇ ಕುಳಿತಳು. 

ಮೊದಲು ತೊಗರಿ ಹೊಲದ ಗಾಳಿ ಬಂತು. ಕಾಗಿಣಾ ಎಲ್ಲೋ ಹರಿಯಿತು. ಆಮೇಲೆ, ಟಪ್. ಸ್ವಲ್ಪ ಹೊತ್ತಿಗೆ ಮತ್ತೆ ಟಪ್. ಅದೇ ಟಪ್ ದೂರ ಹೋಗಿ, ಮಸುಕಾಗಿ ತಿರುಗಿ ಬಂತು. ಅಷ್ಟೇ! ಡಬ್ಬಿ ಹಿಟ್ಟಿಗೆ ಒಂದು ಟಪ್! ಮೂಲೆಯಲ್ಲಿ ಕುಳಿತ ಅಜ್ಜಿಯೊಬ್ಬರು, ಯಾರೋ ಬಾಗಿಲು ತಟ್ಟುತ್ತಿದ್ದಾರೆ, ಹೋಗಿ ನೋಡಿರಿ ಎಂದು ಎರಡು ಸಲ ಹೇಳಿದರು.

ಮುಗಿದ ಮೇಲೆ ಶರಣಮ್ಮ ತಣ್ಣಗೆ, "ಅದು ನನ್ನ ಕೈ ಅದ" ಅಂದಳು. ಅವಳ ಕೈಗೆ ಇಷ್ಟು ನಾಜೂಕು ಎಲ್ಲಿಂದ ಬರಬೇಕು, ಅದು ನನ್ನದೇ ಎಂದೆ. ಹೆಂಗಸರು ಎರಡು ಪಕ್ಷವಾದರು. ಹಪ್ಪಳದ ದಿನದ ಮಾತು ಮತ್ತೆ ಎದ್ದಿತು. ಈಗಲೇ ಹೇಳು, ಯಾರ ರೊಟ್ಟಿ ಇದು ಎಂದು ಗುರುರಾಜನ ಮುಂದೆ ನಿಂತೆ. ಅವನು ಬಾಗಿಲಿನ ಕಡೆ ನೋಡಿದ, ನಮ್ಮವರ ಕಡೆ ನೋಡಿದ.

"ಅಕ್ಕಾ, ಅದು ರೊಟ್ಟಿ ಅಲ್ಲ. ಶರಣಮ್ಮಾರು ಬಡದು ಮುಗಿಸಿದಾಗ ನೀ ಹಿತ್ತಲಿಗೆ ಹೋಗಿ ಹಣಿ ಬಡಕೊಂಡಿ ನೋಡು, ಅದು. ಮೈಕ್ ಇನ್ನೂ ಚಾಲೂ ಇತ್ತು. ಇಡೀ ದಿನದಾಗ ಮನಸ್ಸಿನಿಂದ ಬಂದ ಸದ್ದು ಅದೊಂದೇ."

 ಮೊದಲು ಬಾಯಿ ಬಿಟ್ಟವಳು ಶರಣಮ್ಮ.

"ಹಂಗಾದ್ರ ನಿಮ್ಮದೇ ಬಿಡ್ರಿ ವೈನಿ. ನನಗ ಅಷ್ಟು ಚಂದ ಬಡಕೊಳ್ಳಾಕ ಬರಲ್ಲ."

ನಮ್ಮವರಂತೂ ಗುರುರಾಜನ ಬೆನ್ನು ತಟ್ಟಿ, ದಿನನಿತ್ಯದ ಬದುಕಿನ ಸದ್ದು ಎಂದರೆ ಇದೇ, ಮದುವೆಯಾದಾಗಿನಿಂದ ಈ ಮನೆಯಲ್ಲಿ ತಾವು ದಿನಾ ಕೇಳುತ್ತ ಬಂದದ್ದು ಎಂದರು. ಹೆಂಗಸರು ನಕ್ಕ ನಗೆ ಜಂಕ್ಷನ್ನಿನವರೆಗೂ ಕೇಳಿರಬೇಕು. ಪರದೇಶದಲ್ಲಿ ಜನ ಕುಣಿಯುವುದಂತೂ ಖರೆ, ಆದರೆ ನನ್ನ ಹಣೆಗೆ! ಶಹಾಬಾದಿನ ತಂಗಿಯ ಫೋನು ಬಂದಾಗ, ನನ್ನದೇ ಆಯ್ಕೆಯಾಯಿತು ಎಂದಷ್ಟೇ ಹೇಳಿ ಇಟ್ಟೆ.

ಹಿಟ್ಟು ಮುಗಿದಿತ್ತು. ರಾತ್ರಿಗೆ ಗೋಡೆಯಾಚೆಯಿಂದ ಶರಣಮ್ಮ ಬಿಸಿ ರೊಟ್ಟಿ ಕಳಿಸಿದಳು. ಶೇಂಗಾ ಹಿಂಡಿ, ಗಟ್ಟಿ ಮೊಸರು ಹಚ್ಚಿಕೊಂಡು ತಿಂದೆವು. ಭಾಳ ಮೆತ್ತಗಿದ್ದವು, ನಾನು ಮೂರು ತಿಂದೆ. ಭಾವ, ಮೈದುನ ಇಬ್ಬರೂ ಪಡಸಾಲೆಯಲ್ಲಿ ಆ ಸಂಗೀತವನ್ನು ಮತ್ತೆ ಹಚ್ಚಿಕೊಂಡು ಕುಳಿತರು. ನಿಲ್ಲಿಸುತ್ತೀರೋ ಇಲ್ಲವೋ ಎಂದು ಗದರಲು ಎದ್ದವಳು, ಇನ್ನೊಂದು ಟಪ್ ಆಗಲಿ ಎಂದು ಗೋಡೆಗೆ ಒರಗಿದೆ. ಮೊದಲು ನಿದ್ದೆ ಹೋದವಳು ನಾನೇ.