ನನ್ನ ಹನ್ನೊಂದು ವರ್ಷದ ಅಜ್ಜಿತನ

ಮೇಷ್ಟರಾದವರು ಒಂದು ಉಪಕಸುಬು ಇಟ್ಟುಕೊಳ್ಳುವುದು ನಮ್ಮ ಕಡೆ ಮೊದಲಿನಿಂದಲೂ ಉಂಟು. ಕೆಲವರು ಮನೆಪಾಠ ಹೇಳುತ್ತಾರೆ, ಕೆಲವರು ವಿಮೆ ಮಾಡಿಸುತ್ತಾರೆ, ಕೆಲವರು ಜಾತಕ ನೋಡುತ್ತಾರೆ. ನಮ್ಮ ಡ್ರಿಲ್ ಮೇಷ್ಟರು ಜೇನು ಸಾಕಿದ್ದರು. ಅವರ ಒಂದಲ್ಲ ಒಂದು ಕಣ್ಣು ಸದಾ ಊದಿರುತ್ತಿತ್ತು. ನಾನು ಮುದುಕಿಯಾಗಿದ್ದೆ. ಹೀಗೆ ಥಟ್ಟನೆ ಹೇಳಿಬಿಟ್ಟರೆ ಕೇಳಿದವರು ನನ್ನ ಮೀಸೆಯ ಕಡೆ ನೋಡಿ ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ, ಆದ್ದರಿಂದ ವಿವರಿಸುತ್ತೇನೆ. ಎಪ್ಪತ್ತರ ದಶಕದ ನಡುವಿನಿಂದ ಹನ್ನೊಂದು ವರ್ಷ ರೇಡಿಯೋದ ಸಂಜೆಯ ಕೃಷಿ ಕಾರ್ಯಕ್ರಮದಲ್ಲಿ ಗೊಬ್ಬರ, ಬಿತ್ತನೆ, ದನದ ಕಾಲುಬೇನೆಗಳ ನಡುವೆ ನುಗ್ಗಿ ಎಲ್ಲರನ್ನೂ ಬೈದು ಹೋಗುತ್ತಿದ್ದ ಸಾಕಮ್ಮಜ್ಜಿ ನಾನೇ.

ನಮ್ಮ ಮನೆ ನಂಜನಗೂಡಿನಲ್ಲಿ, ನಾನು ಕನ್ನಡ ಪಾಠ ಹೇಳುತ್ತಿದ್ದ ಶಾಲೆ ಟಿ. ನರಸೀಪುರದಲ್ಲಿ. ದಿನವೂ ಬಸ್ಸಿನಲ್ಲಿ ಹೋಗಿಬರುವುದು. ಬೆಳಿಗ್ಗೆ ಕಪಿಲಾ ಹೊಳೆಯನ್ನು ಒಂದು ಊರಿನಲ್ಲಿ ಬಿಟ್ಟು ಹೊರಟರೆ, ಇನ್ನೊಂದು ಊರಿನಲ್ಲಿ ಅದು ನನಗಿಂತ ಮೊದಲೇ ಬಂದು ಕಾವೇರಿಯ ಜೊತೆ ಮಾತಿಗೆ ನಿಂತಿರುತ್ತಿತ್ತು. ದಾರಿಯುದ್ದಕ್ಕೂ ಗದ್ದೆಯ ಹಸಿರು ಕಿಟಕಿಯೊಳಗೆ ಹರಿದು ಬರುತ್ತಿತ್ತು. ನನಗೆ ಎಚ್ಚರವೂ ಅಲ್ಲದ, ನಿದ್ದೆಯೂ ಅಲ್ಲದ ಒಂದು ಜೊಂಪು ಹತ್ತುತ್ತಿತ್ತು. ಆ ಜೊಂಪಿನಲ್ಲಿ ಒಮ್ಮೊಮ್ಮೆ ಒಂದು ದನಿ ಕೇಳಿಸುತ್ತಿತ್ತು. ನಾನು ಚಿಕ್ಕವನಾಗಿದ್ದಾಗ ಹೆಡತಲೆಯಿಂದ ನಮ್ಮ ಬೀದಿಗೆ ಮೊಸರು ತರುತ್ತಿದ್ದ ದೇವೀರಮ್ಮನ ದನಿ ಅದು. ಆಕೆ ಗಡಿಗೆ ಇಳಿಸಿ ಕೂತಳೆಂದರೆ ಮೊದಲು ನಮ್ಮ ಬೆಕ್ಕನ್ನು ಬೈಯುತ್ತಿದ್ದಳು, ಆಮೇಲೆ ಬಸ್ಸಿನ ಡ್ರೈವರನನ್ನು, ಕೊನೆಯಲ್ಲಿ ನಿಧಾನವಾಗಿ, ಊಟದ ಕೊನೆಗೆ ಮಜ್ಜಿಗೆ ಅನ್ನ ಕಲಸಿದಂತೆ, ತನ್ನ ಗಂಡನನ್ನು. ನಾನು ಕಾಲೇಜಿಗೆ ಹೋಗುವ ಕಾಲಕ್ಕೆ ಆಕೆ ಬರುವುದು ನಿಂತಿತು. ಯಾಕೆಂದು ನಮ್ಮ ಮನೆಯಲ್ಲಿ ಯಾರೂ ಕೇಳಲಿಲ್ಲ. ಮೊಸರು ಬೇರೆಯವರಿಂದ ಬರತೊಡಗಿತು, ಅಷ್ಟೆ.

ಒಂದು ದಿನ ಮಕ್ಕಳ ಹಾಡು ಧ್ವನಿಮುದ್ರಿಸಲು ರೇಡಿಯೋದವರು ನಮ್ಮ ಶಾಲೆಗೆ ಬಂದರು. ಯಂತ್ರ ಕೆಟ್ಟು ಎಲ್ಲರೂ ಸುಮ್ಮನೆ ಕೂರಬೇಕಾಯಿತು. ಹೊತ್ತು ಕಳೆಯಲೆಂದು ಹೆಡ್‌ಮೇಷ್ಟರು, "ಅದೇನೋ ಮೊಸರಿನವಳ ದನಿ ಮಾಡ್ತೀರಂತಲ್ಲ, ಒಂಚೂರು ಮಾಡಿ" ಎಂದರು. ನಾನು ಮಾಡಿದೆ. ಯಂತ್ರ ಸರಿಹೋಗಿ ಎಷ್ಟೋ ಹೊತ್ತಾದರೂ ರೇಡಿಯೋ ಅಧಿಕಾರಿಗಳು ನನ್ನನ್ನೇ ನೋಡುತ್ತಿದ್ದರು. ಆ ತಿಂಗಳೇ ಸಾಕಮ್ಮಜ್ಜಿ ಹುಟ್ಟಿದಳು, ಹುಟ್ಟುವಾಗಲೇ ಎಪ್ಪತ್ತು ವರ್ಷದವಳಾಗಿ.

ಶನಿವಾರ ಮಧ್ಯಾಹ್ನ ಮೈಸೂರಿಗೆ ಹೋಗಿ ಸ್ಟುಡಿಯೋದಲ್ಲಿ ಮುಂದಿನ ನಾಲ್ಕು ಭಾಗ ಬೈದು ಬರುತ್ತಿದ್ದೆ. ದೀಪ ಹಚ್ಚುವ ಹೊತ್ತಿಗೆ ಬೀದಿಯಲ್ಲಿ ನಡೆದು ಬಂದರೆ ಎಲೆ ಅಂಗಡಿಯಿಂದ, ಕ್ಷೌರದಂಗಡಿಯಿಂದ, ಯಾರದೋ ಅಡುಗೆಮನೆಯಿಂದ ನನ್ನದೇ ದನಿ ಹೊಗೆಯ ಹಾಗೆ ಹೊರಗೆ ತೇಲಿಬರುತ್ತಿತ್ತು. ನಾನೆಲ್ಲೋ ಮನೆಯೊಳಗಿದ್ದೇನೆ, ಬೀದಿಯಲ್ಲಿ ನಡೆಯುತ್ತಿರುವವನು ಬೇರೆ ಯಾರೋ ಅನ್ನಿಸುತ್ತಿತ್ತು. ಅಜ್ಜಿಗೆ ಕಾಗದಗಳು ಬರುತ್ತಿದ್ದವು. ಹುಲ್ಲಹಳ್ಳಿಯ ಒಬ್ಬರು ಮೊಮ್ಮಗನ ನಾಮಕರಣಕ್ಕೆ ಕರೆದು, "ಅಜ್ಜಿಗೆ ಕುಪ್ಪಸದ ಕಣ ಎತ್ತಿಟ್ಟಿದ್ದೇವೆ" ಎಂದು ಬರೆದಿದ್ದರು.

ತೊಂದರೆ ಶುರುವಾದದ್ದು ಅಜ್ಜಿ ಸ್ಟುಡಿಯೋದಲ್ಲಿ ಉಳಿಯದೆ ನನ್ನ ಜೊತೆ ಬಸ್ಸು ಹತ್ತಿ ಮನೆಗೆ ಬರತೊಡಗಿದಾಗ. ಸಾರಿಗೆ ಉಪ್ಪು ಕಡಿಮೆಯೆಂದು ಹೇಳಲು ಬಾಯಿ ತೆರೆದರೆ, "ಏನವ್ವಾ, ಉಪ್ಪೇನ್ ನಿಮ್ಮಪ್ಪನ ಮನೇಲೇ ಬುಟ್ಬಂದ್ಯಾ?" ಎಂದು ಹೊರಗೆ ಬರುತ್ತಿತ್ತು. ನನ್ನ ಹೆಂಡತಿ ಪದ್ಮ ತಟ್ಟೆ ಕೆಳಗಿಟ್ಟು, "ಅತ್ತೆಯಿಲ್ಲದ ಮನೆ ಅಂತ ಹುಡುಕಿ ನಮ್ಮಪ್ಪ ನನ್ನನ್ನ ಇಲ್ಲಿಗೆ ಕೊಟ್ಟರು. ನೋಡಿದ್ರೆ ಅತ್ತೆ ಗಂಡನ ಹೊಟ್ಟೆಯೊಳಗೇ ಇದ್ದಾರೆ" ಎಂದಳು. ಶಾಲೆಯಲ್ಲಂತೂ ಇನ್ಸ್‌ಪೆಕ್ಟರ್ ಸಾಹೇಬರು ಹಿಂದಿನ ಬೆಂಚಿನಲ್ಲಿ ಕೂತು ತೂಕಡಿಸುತ್ತಿದ್ದಾಗ, ಯಾರೋ ಹುಡುಗನೆಂದು ತಿಳಿದು ಎಬ್ಬಿಸಿದೆ. ಏನೆಂದು ಎಬ್ಬಿಸಿದೆ ಎಂಬುದನ್ನು ಇಲ್ಲಿ ಬರೆಯಲಾರೆ. ಅವರು ಎದ್ದು ನಿಂತು ಕೈಕಟ್ಟಿಕೊಂಡರು.

ಹೀಗಿರುವಾಗ ಒಂದು ಮಧ್ಯಾಹ್ನ ಶಾಲೆಯ ಹೊಂಗೆಮರದ ಕೆಳಗೆ ಒಬ್ಬ ಮುದುಕ ನನಗಾಗಿ ಕಾಯುತ್ತಾ ಕೂತಿದ್ದ. ಒಗೆದ ಪಂಚೆ, ಹೆಗಲ ಮೇಲೆ ಕೆಂಪು ಅಂಚಿನ ಟವೆಲ್ಲು.

"ರೇಡಿಯಾದಾಗೆ ಅಜ್ಜಿ ಆಡೋರು ನೀವೇಯಾ ಸಾ?"

"ಹೌದು. ಯಾರು ಹೇಳಿದರು?"

"ಡ್ರಿಲ್ ಮೇಷ್ಟ್ರು ನಮ್ಮೂರ್ಗೆ ಜೇನ್ತುಪ್ಪ ಮಾರಕ್ಕೆ ಬಂದಿದ್ರು. ನಮ್ದು ಎಡತಲೆ ಸಾ, ನಾನು ಮಾದಪ್ಪ. ಮೊಸ್ರು ದೇವೀರಿ ಗಂಡ."

ದೇವೀರಮ್ಮ ತೀರಿಕೊಂಡು ಹದಿನೈದು ವರ್ಷವಾಯಿತಂತೆ. ಸತ್ತವಳ ದನಿಯನ್ನು ಕದ್ದು ಊರನ್ನೆಲ್ಲ ನಗಿಸುತ್ತಿದ್ದೇನೆಂದು ಜಗಳಕ್ಕೆ ಬಂದಿದ್ದಾನೆಂದೇ ತಿಳಿದೆ. ಕ್ಷಮೆ ಕೇಳಲು ಹೊರಟೆ. ಮಾದಪ್ಪ ಕೈಯಾಡಿಸಿದ.

"ಅದಲ್ಲ ಸಾ. ದನಿ ಅವಳ್ದೇಯಾ, ಅನುಮಾನ ಇಲ್ಲ. ಆದ್ರೆ ನೀವು ಎಲಡ್ಕೆ ಇಲ್ದೇ ಬೈತೀರಿ. ಅವಳು ಬಾಯಾಗೆ ಎಲಡ್ಕೆ ಇಲ್ದೆ ಯಾವತ್ತೂ ಬೈದೋಳಲ್ಲ. ಇನ್ನೊಂದು, ನೀವು ಬಾಯಿ ತಗುದ್ ತಕ್ಸಣ ಸುರು ಅಚ್ಕತೀರಿ. ಅವಳು ಬೈಯೋಕ್ ಮುಂಚೆ ಒಂಗಳಿಗೆ ಸುಮ್ಕಿರೋಳು. ಆ ಸಂದಿನಾಗೇ ನಾನು ಟವಲ್ ತಕ್ಕೊಂಡು ಒರಕ್ಕೋಗ್ತಿದ್ದೆ. ಆ ಸಂದಿ ನಿಮ್ಮಲ್ಲಿಲ್ಲ ಸಾ."

ಅಷ್ಟು ವರ್ಷ ನನ್ನನ್ನು ಕಲಾವಿದ ಎಂದು ನಂಬಿಕೊಂಡಿದ್ದೆ. ಹೊಂಗೆಮರದ ನೆರಳಿನಲ್ಲಿ ಐದು ನಿಮಿಷದಲ್ಲಿ ಎರಡು ತಪ್ಪು ಸಿಕ್ಕಿಬಿದ್ದವು. ಮೊದಲು ಸಿಟ್ಟು ಬಂತು. ಮರುದಿನ ಎಲೆಅಡಿಕೆ ಕೊಂಡೆ. ತಿರುಮಕೂಡಲಿನ ಕಡೆ ಹೊಳೆಯ ದಂಡೆಯಲ್ಲಿ ಕೂತು, ಬಾಯಿ ತುಂಬ ಎಲೆ ಹಾಕಿಕೊಂಡು, ಎರಡು ನದಿ ಸೇರುವ ಜಾಗವನ್ನು ನೋಡುತ್ತಾ ಸುಮ್ಮನಿರುವುದನ್ನು ಅಭ್ಯಾಸ ಮಾಡಿದೆ. ಬೈಯುವುದಕ್ಕಿಂತ ಅದು ಕಷ್ಟ. ಸುಮ್ಮನಿದ್ದಾಗ ಒಳಗೆ ಏನೋ ಒಂದು ಕೂಡಿಕೊಳ್ಳಬೇಕು, ಬರಿದೇ ತಡವಾದರೆ ಮರೆತುಹೋದಂತೆ ಕೇಳುತ್ತದೆ. ಮಾದಪ್ಪ ತಿಂಗಳಿಗೊಮ್ಮೆ ಬಂದು ತಿದ್ದುತ್ತಿದ್ದ. "ಯೂರಿಯಾ ಅನ್ನಬ್ಯಾಡಿ ಸಾ, ಅವಳ ನಾಲ್ಗೆ ಅದ್ಕೆ ತಿರುಗ್ತಿರ್ನಿಲ್ಲ. 'ಆ ಬಿಳೀ ಸರ್ಕಾರಿ ಉಪ್ಪು' ಅನ್ನಿ." ಮುಂದಿನ ಭಾಗದಲ್ಲಿ ಹಾಗೇ ಅಂದೆ. ಕಾಗದಗಳು ಇಮ್ಮಡಿಯಾದವು.

ಎಂಬತ್ತರ ದಶಕದ ನಡುವೆ ರೇಡಿಯೋಕ್ಕೆ ಹೊಸ ಅಧಿಕಾರಿಗಳು ಬಂದರು. ಕಾರ್ಯಕ್ರಮ ಹೊಸದಾಗಬೇಕೆಂದು ಅಜ್ಜಿಯ ಕೊನೆಯ ಭಾಗವನ್ನು ಬರೆಸಿ ನನ್ನ ಕೈಗೆ ಕೊಟ್ಟರು. ಅದರಲ್ಲಿ ಅಜ್ಜಿ ಸುಧಾರಿತ ಭತ್ತದ ತಳಿಯನ್ನು ಹೊಗಳುತ್ತಾ ಪ್ರಾಣ ಬಿಡುತ್ತಾಳೆ. ಡ್ರಿಲ್ ಮೇಷ್ಟರಿಂದ ವಿಷಯ ತಿಳಿದು ಮಾದಪ್ಪ ಮಾರನೆಯ ದಿನವೇ ಬಂದ. ತಿದ್ದುಪಡಿ ಏನೂ ತಂದಿರಲಿಲ್ಲ. ಟವೆಲ್ಲಿನ ಅಂಚು ಮಡಿಸುತ್ತಾ, "ಸಾಯಿಸ್ಬ್ಯಾಡಿ ಸಾ. ನಾನ್ ಒಂದ್ಸಲ ನೋಡಿವ್ನಿ" ಎಂದ.

ನಾನು ಬಸ್ಸಿನಲ್ಲಿ ಪಕ್ಕದವನನ್ನು ಸ್ವಲ್ಪ ಸರಿಯಿರಿ ಎಂದು ಕೇಳಲೂ ಹಿಂಜರಿಯುವ ಮನುಷ್ಯ. ಶನಿವಾರ ಅಧಿಕಾರಿಗಳ ಮೇಜಿನ ಮುಂದೆ ನಿಂತು ಗಂಟಲು ಸರಿಮಾಡಿಕೊಂಡೆ. "ಸಾರ್, ಈ ಕೊನೆಯ ಭಾಗದ ವಿಚಾರವಾಗಿ..." ಎಂದೆ. ಅವರು ತಲೆ ಎತ್ತದೆ, "ಎಲ್ಲಾ ತೀರ್ಮಾನ ಆಗಿದೆ ಮೇಷ್ಟ್ರೇ" ಎಂದರು. ನನ್ನ ಮಾತು ಅಲ್ಲಿಗೆ ಮುಗಿಯಿತು. ಬಾಗಿಲ ಕಡೆ ತಿರುಗಿಯೂಬಿಟ್ಟಿದ್ದೆ. ಒಂದು ಗಳಿಗೆ ಏನೂ ಆಗಲಿಲ್ಲ. ಆಮೇಲೆ ಕೋಣೆಯಲ್ಲಿ ಬೇರೆ ದನಿ ಕೇಳಿಸಿತು:

"ಯಾಕ್ಲಾ ಮಗ, ನಾನಿದ್ರೆ ನಿನ್ ಕುರ್ಚಿ ಕಾಲು ಮುರ್ದೋಯ್ತದಾ? ಬತ್ತದ ಸುದ್ದಿ ಏಳ್ಕಂಡು ಸಾಯೋಕೆ ನನಗೇನ್ ಬ್ಯಾರೆ ಕ್ಯಾಮೆ ಇಲ್ವಾ?"

ಅಧಿಕಾರಿಗಳ ಕೈಯಿಂದ ಪೆನ್ನು ಬಿತ್ತು. ನನ್ನ ಕೆಲಸವೂ ಬಿತ್ತೆಂದುಕೊಂಡೆ. ಅವರು ನನ್ನನ್ನು ನೋಡಿದರು, ನನ್ನ ಹಿಂದೆ ಯಾರಾದರೂ ನಿಂತಿದ್ದಾರೆಯೇ ಎಂದು ನೋಡಿದರು, ಆಮೇಲೆ ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. ಕಣ್ಣೊರೆಸಿಕೊಂಡು, "ಆಯ್ತು ಕಣಜ್ಜಿ, ಸಾಯಿಸಲ್ಲ. ಆದ್ರೆ ನೀನು ಎಲ್ಲಿಗಾದರೂ ಹೋಗಲೇಬೇಕು" ಎಂದರು.

ಹಾಗಾಗಿ ಕೊನೆಯ ಭಾಗದಲ್ಲಿ ಸಾಕಮ್ಮಜ್ಜಿ ಚಿಕ್ಕಯ್ಯನಛತ್ರವೆಂಬ ಊರಿನಲ್ಲಿದ್ದ ಮಗಳ ಮನೆಗೆ ಬಸ್ಸು ಹತ್ತಿದಳು. ಬಸ್ಸು ಹೊರಡುವ ಸದ್ದು ಹಾಕಿದ್ದರು. ಆ ಸಂಜೆ ಎಲೆ ಅಂಗಡಿಯ ಮುಂದೆ ನಿಂತು ಕೇಳಿದೆ. ಸದ್ದು ಸಣ್ಣದಾಗುತ್ತಾ ಹೋಗಿ ಬೀದಿಯ ಗಲಾಟೆಯಲ್ಲಿ ಬೆರೆತುಹೋಯಿತು. ಅಂಗಡಿಯವನು ರೇಡಿಯೋ ಆರಿಸಲಿಲ್ಲ, ನಾನೂ ಅಲ್ಲಿಂದ ಹೊರಡಲಿಲ್ಲ.

ಆ ವಾರ ಮಾದಪ್ಪ ಬಂದ. ಹೊಗಳುತ್ತಾನೆಂದು ಕಾದೆ.

"ಸಂದಿ ಸರ್ಯಾಗ್ ಬುಟ್ರಿ ಸಾ. ಆದ್ರೆ ಮಗಳ ಮನೆಗೆ ಓದ್ಲು ಅಂದ್ರಲ್ಲ, ನಮ್ಗೆ ಮಗಳೇ ಇಲ್ವಲ್ಲ!"

"ಅಯ್ಯೋ, ತಪ್ಪಾಯ್ತು ಮಾದಪ್ಪ."

ಅವನು ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು, "ಓಗ್ಲಿ ಬುಡಿ. ಎಲ್ಲೋ ಒಂದ್ಕಡೆ ಅವ್ಳೆ" ಎಂದು ಎದ್ದು ಬಸ್‌ಸ್ಟ್ಯಾಂಡಿನ ಕಡೆ ಹೋದ.

ಅಜ್ಜಿ ಹೋದ ಮೇಲೆ ಮನೆ ಸಪ್ಪಗಾಯಿತು. ಉಪ್ಪು ಕಡಿಮೆಯಾದರೆ ಸುಮ್ಮನೆ ಉಣ್ಣುತ್ತಿದ್ದೆ. ಕೊನೆಗೆ ಪದ್ಮಳೇ, "ನಿಮ್ಮ ಸ್ವಂತ ದನಿಯಲ್ಲೂ ಏನಾದರೂ ಮಾಡಬಹುದಲ್ಲ" ಎಂದು ಧೈರ್ಯ ಹೇಳಿ ರೇಡಿಯೋ ಕೇಂದ್ರಕ್ಕೆ ಕಳಿಸಿದಳು. ಹೊಸ ನಾಟಕವೊಂದಕ್ಕೆ ಮೇಷ್ಟರ ಪಾತ್ರ ಬೇಕಾಗಿತ್ತು. ಟಿ. ನರಸೀಪುರದ ಕಡೆಯವನು, ನಲವತ್ತರ ಆಸುಪಾಸು, ಕನ್ನಡ ಪಾಠ ಹೇಳುವವನು. ಆ ಪಾತ್ರದ ಮಾತು ಓದಿ ತೋರಿಸಿ ಹೊರಗೆ ಬಂದು ಬೆಂಚಿನ ಮೇಲೆ ಕೂತೆ. ನನ್ನನ್ನು ಅರಿಯದ ರೇಡಿಯೋದ ಒಬ್ಬ ಯುವಕ ಬಂದು ಬಹಳ ಮರ್ಯಾದೆಯಿಂದ ಹೇಳಿದ:

"ದನಿ ಪರವಾಗಿಲ್ಲ ಸಾರ್. ಆದರೆ ಮೇಷ್ಟರು ನಿಜವಾಗಿ ಹೀಗೆ ಮಾತಾಡೋದಿಲ್ಲ. ಯಾರಾದರೂ ಒಬ್ಬ ಮೇಷ್ಟರನ್ನ ಸ್ವಲ್ಪ ದಿನ ಗಮನವಿಟ್ಟು ನೋಡಿ, ಆಮೇಲೆ ಬನ್ನಿ."